‘ಎಲ್ಲರಿಗೂ ಕಳಿಸಿ’ ಅಂತ ಬರೆದಿದ್ರೆ ಅನುಮಾನ ಇರಲಿ: ಸುಳ್ಳು ವೈರಸ್ ಎಚ್ಚರಿಕೆ ಗುರುತಿಸೋದು ಹೇಗೆ?

ಬೆಳಗ್ಗೆ ಅಂಗಡಿ ಷಟರ್ ಎತ್ತಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಕಂಪ್ಯೂಟರ್ ಆನ್ ಮಾಡ್ತೀರಿ. ಆರ್ಡರ್ ಏನಾದ್ರೂ ಬಂದಿದೆಯಾ ಅಂತ ಇಮೇಲ್ ತೆರೆದರೆ ಪರಿಚಯದ ಡೀಲರ್ ಒಬ್ಬರಿಂದ ಮೇಲ್ ಬಂದಿರುತ್ತೆ: ‘ತುರ್ತು! ಹೊಸ ವೈರಸ್ ಬಂದಿದೆ. ಇಂಥ ಹೆಸರಿನ ಮೇಲ್ ತೆರೆದರೆ ಹಾರ್ಡ್ ಡಿಸ್ಕ್ ಪೂರ್ತಿ ಹಾಳಾಗುತ್ತೆ. ಯಾವ ಆಂಟಿವೈರಸ್‌ಗೂ ಸಿಗಲ್ಲ. ಗೊತ್ತಿರುವ ಎಲ್ಲರಿಗೂ ಈಗಲೇ ಕಳಿಸಿ.’

ಕಳಿಸಿದವರು ನಂಬಿಕಸ್ಥರು, ಕಾಳಜಿಯಿಂದಲೇ ಕಳಿಸಿದ್ದಾರೆ. ನೀವೂ ಅದೇ ಕಾಳಜಿಯಿಂದ ಇನ್ನೈವತ್ತು ಜನಕ್ಕೆ ಕಳಿಸ್ತೀರಿ. ತಪ್ಪು ಆಗೋದು ಇಲ್ಲೇ. ಇಂಥ ಮೇಲ್‌ಗಳಲ್ಲಿ ಹೇಳುವ ವೈರಸ್ ಸಾಮಾನ್ಯವಾಗಿ ಇರೋದೇ ಇಲ್ಲ. ಊರೂರು ಸುತ್ತೋದು ಆ ಸಂದೇಶ ಮಾತ್ರ, ಅದನ್ನ ಹೊತ್ತು ತಿರುಗೋರು ನಾವು.

30 ವರ್ಷದ ಹಳೇ ಆಟ

1994ರ ಕೊನೆಯಲ್ಲಿ ಅಮೆರಿಕದಲ್ಲಿ ‘ಗುಡ್ ಟೈಮ್ಸ್’ ಎಂಬ ಎಚ್ಚರಿಕೆ ಹಬ್ಬಿತು. ಆ ಹೆಸರಿನ ಮೇಲ್ ಓದಿದರೆ ಸಾಕು, ಕಂಪ್ಯೂಟರ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತೆ, ಪ್ರೊಸೆಸರ್ ಕೂಡ ಹಾಳಾಗುತ್ತೆ ಅಂತ ಬರೆದಿತ್ತು. ಜನ ನಂಬಲಿ ಅಂತ ಅಲ್ಲಿನ ಸಂಪರ್ಕ ಆಯೋಗದ ಹೆಸರನ್ನೂ ಸೇರಿಸಿದ್ದರು. ಅಂಥ ವೈರಸ್ ಇರಲೇ ಇಲ್ಲ. ಆದರೂ ವರ್ಷಗಟ್ಟಲೆ ಆ ಮೇಲ್ ಓಡಾಡಿತು.

2006ರಲ್ಲಿ ‘ಒಲಿಂಪಿಕ್ ಜ್ಯೋತಿ’ಯ ಸರದಿ. ‘ಇನ್ವಿಟೇಷನ್’ ಹೆಸರಿನ ಮೇಲ್ ತೆರೆದರೆ ಜ್ಯೋತಿಯ ಚಿತ್ರ ಕಾಣಿಸಿ ಸಿ ಡ್ರೈವ್ ಸುಟ್ಟುಹೋಗುತ್ತೆ ಅನ್ನೋ ಎಚ್ಚರಿಕೆ ಅದು. ವೈರಸ್ ‘ನಿನ್ನೆ’ ಪತ್ತೆಯಾಯ್ತು ಅಂತ ಅದರಲ್ಲಿತ್ತು. ತಾರೀಕು ಇಲ್ಲದ ಆ ‘ನಿನ್ನೆ’ಯಿಂದಾಗಿ, ಎಷ್ಟು ವರ್ಷ ಕಳೆದು ಓದಿದರೂ ಸುದ್ದಿ ಹೊಸದಾಗೇ ಕಾಣುತ್ತೆ!

ಕರಡಿ ಮರಿ ಫೈಲ್ ಕಥೆ

ಬರೀ ಹೆದರಿಸೋ ಮೇಲ್ ಆದರೆ ಸಮಯ ಹಾಳು, ಅಷ್ಟೇ. ‘ಈ ಫೈಲ್ ಹುಡುಕಿ ಡಿಲೀಟ್ ಮಾಡಿ’ ಅನ್ನೋ ಮೇಲ್ ಇನ್ನೂ ಅಪಾಯ.

2002ರಲ್ಲಿ ಅಂಥದ್ದೊಂದು ಬಂತು. ‘ನಿಮ್ಮ ಕಂಪ್ಯೂಟರ್‌ನಲ್ಲಿ ಕರಡಿ ಮರಿ ಚಿತ್ರ ಇರುವ ಒಂದು ಫೈಲ್ ಇದೆಯಾ ನೋಡಿ. ಅದು ವೈರಸ್. 14 ದಿನ ಸುಮ್ಮನಿದ್ದು ಆಮೇಲೆ ಹಾಳು ಮಾಡುತ್ತೆ’ ಎಂಬ ಅರ್ಥದ ಮೇಲ್. ಜನ ಹುಡುಕಿದರು, ಕರಡಿ ಸಿಕ್ಕೇಬಿಡ್ತು! ಮೇಲ್ ಹೇಳಿದ್ದು ನಿಜ ಅಂತ ನಂಬಿ ಫೈಲ್ ಅಳಿಸಿದರು, ಪರಿಚಯದವರಿಗೆಲ್ಲ ಮೇಲ್ ಕಳಿಸಿದರು. ಅಸಲಿಗೆ ಅದು ವಿಂಡೋಸ್ ಜೊತೆಗೇ ಬರುತ್ತಿದ್ದ ಮೈಕ್ರೋಸಾಫ್ಟ್ ಫೈಲ್. ಅದಕ್ಕೇ ಅಷ್ಟೊಂದು ಜನರ ಕಂಪ್ಯೂಟರ್‌ನಲ್ಲಿ ಸಿಕ್ಕಿದ್ದು. ಜಾವಾ ಪ್ರೋಗ್ರಾಂ ಬರೆಯುವವರ ಕೆಲಸಕ್ಕೆ ಬೇಕಾದ ಫೈಲ್ ಅದು. ಹಾಗಾಗಿ ಉಳಿದವರಿಗೆ ದೊಡ್ಡ ನಷ್ಟ ಆಗಲಿಲ್ಲ.

ಅದೇ ಜಾಗದಲ್ಲಿ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಫೈಲ್ ಇದ್ದರೆ? ಜಿಎಸ್‌ಟಿ ರಿಟರ್ನ್ಸ್ ಹತ್ತಿರ ಬಂದಿರುವಾಗ ಲೆಕ್ಕ, ಉದ್ರಿ ಬಾಕಿ ತೆರೆಯದೇ ಹೋದರೆ? ವೈರಸ್ ಇಲ್ಲದೆಯೇ ನಮ್ಮ ಕೈಯಾರೆ ಹಾನಿ ಮಾಡಿಕೊಂಡ ಹಾಗಾಯ್ತು.

ಹಾಗಾದ್ರೆ ನಿಜವಾದ ವೈರಸ್ ಇಲ್ವಾ?

ಖಂಡಿತ ಇದೆ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಅನ್ನೋ ಮೇಲ್ ಪ್ರಪಂಚದ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಹಬ್ಬಿ ಫೋಟೋ ಫೈಲ್‌ಗಳನ್ನ ಹಾಳು ಮಾಡ್ತು. ಪ್ರೇಮಪತ್ರದ ಹೆಸರಲ್ಲಿ ಜೊತೆಗಿದ್ದ ಅಟ್ಯಾಚ್‌ಮೆಂಟ್ ತೆರೆದವರಿಗೆ ಅದು ತಗುಲುತ್ತಿತ್ತು. ಆಮೇಲೆ ಅವರ ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ತಾನೇ ಹೋಗುತ್ತಿತ್ತು.

ವ್ಯತ್ಯಾಸ ಇಲ್ಲೇ ಇದೆ. ಆ ವೈರಸ್ ‘ನನ್ನನ್ನ ಎಲ್ಲರಿಗೂ ಕಳಿಸಿ’ ಅಂತ ಯಾರನ್ನೂ ಕೇಳಲಿಲ್ಲ. ಸುಳ್ಳು ಎಚ್ಚರಿಕೆಗೆ ತಾನಾಗಿ ಹೋಗೋ ಶಕ್ತಿ ಇಲ್ಲ. ಅದಕ್ಕೇ ನಮ್ಮನ್ನ ಕೇಳುತ್ತೆ.

ಗುರುತಿಸೋದು ಹೀಗೆ

- ‘ಎಲ್ಲರಿಗೂ ಕಳಿಸಿ’ ಅಂತ ಒತ್ತಾಯ ಇರುತ್ತೆ. ಇದೇ ದೊಡ್ಡ ಗುರುತು.
- ತಾರೀಕು ಇರಲ್ಲ. ‘ನಿನ್ನೆ’, ‘ಈಗಷ್ಟೇ’, ‘ನಾಳೆಯಿಂದ’ ಅಂತ ಮಾತ್ರ ಇರುತ್ತೆ.
- ಮೈಕ್ರೋಸಾಫ್ಟ್, ಪೊಲೀಸ್, ಟಿವಿ ಚಾನೆಲ್ ಅಂತ ದೊಡ್ಡ ಹೆಸರು ಇರುತ್ತೆ, ಅವರು ಎಲ್ಲಿ ಪ್ರಕಟಿಸಿದ್ದಾರೆ ಅನ್ನೋದು ಇರಲ್ಲ.
- ‘ಯಾವ ಆಂಟಿವೈರಸ್‌ಗೂ ಸಿಗಲ್ಲ, ಪರಿಹಾರವೇ ಇಲ್ಲ’ ಅನ್ನುತ್ತೆ. ನಿಜವಾದ ಎಚ್ಚರಿಕೆಯಲ್ಲಿ ಏನು ಮಾಡಬೇಕು ಅನ್ನೋದೂ ಇರುತ್ತೆ.
- ‘ಈ ಫೈಲ್ ಅಳಿಸಿ’, ‘ಈ ನಂಬರ್‌ಗೆ ಫೋನ್ ಮಾಡಿ’ ಅಂತ ಇದ್ದರೆ ಮುಟ್ಟಲೇಬೇಡಿ. ಫೋನ್ ಮಾಡಿದರೆ ‘ವೈರಸ್ ತೆಗೀತೀವಿ’ ಅಂತ ನಿಮ್ಮ ಸ್ಕ್ರೀನ್ ನೋಡುವ ಆ್ಯಪ್ ಹಾಕಿಸಿ ಹಣ ಹೊಡೆಯುವವರಿದ್ದಾರೆ.

ವಾಟ್ಸ್‌ಆ್ಯಪ್‌ಗೂ ಇದೇ ಲೆಕ್ಕ. ‘ಮಾರ್ಟಿನೆಲ್ಲಿ’ ಅನ್ನೋ ವಿಡಿಯೋ ತೆರೆದರೆ ಫೋನ್ ಹ್ಯಾಕ್ ಆಗುತ್ತೆ ಅನ್ನೋ ಸುಳ್ಳು 2017ರಿಂದ ಸುತ್ತುತ್ತಿದೆ. ಮೆಸೇಜ್ ಮೇಲೆ ಜೋಡಿ ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದದ್ದು ಅಂತ ಅರ್ಥ.

ಬಂದಾಗ ಏನು ಮಾಡಬೇಕು?

ಮೊದಲು ಕೈ ತಡೆಯಿರಿ. ಮೇಲ್‌ನಲ್ಲಿರುವ ವೈರಸ್ ಹೆಸರಿನ ಜೊತೆ ‘ಹೋಕ್ಸ್’ ಅಂತ ಸೇರಿಸಿ ಗೂಗಲ್‌ನಲ್ಲಿ ಹುಡುಕಿ. ಹಳೇ ಸುಳ್ಳಾದರೆ ಬಹಳ ಸಲ ಅಲ್ಲೇ ಬಯಲಾಗುತ್ತೆ. ಕೇಂದ್ರ ಸರ್ಕಾರದ ‘ಸರ್ಟ್-ಇನ್’ ಸಂಸ್ಥೆ ನಿಜವಾದ ವೈರಸ್ ಎಚ್ಚರಿಕೆಗಳನ್ನ ತನ್ನ ವೆಬ್‌ಸೈಟ್‌ನಲ್ಲಿ ತಾರೀಕು ಸಮೇತ ಹಾಕುತ್ತೆ. ಆದರೂ ಅನುಮಾನ ಇದ್ದರೆ ನಿಮ್ಮ ಕಂಪ್ಯೂಟರ್ ರಿಪೇರಿಯವರನ್ನ ಕೇಳಿ. ಅಲ್ಲೀವರೆಗೆ ಯಾವ ಫೈಲನ್ನೂ ಅಳಿಸಬೇಡಿ. ಹಣ ಕಳೆದುಕೊಂಡಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಈಗಾಗಲೇ ಫಾರ್ವರ್ಡ್ ಮಾಡಿಬಿಟ್ಟಿದ್ದೀರಾ? ನಾಚಿಕೆ ಬೇಡ. ಯಾರಿಗೆ ಕಳಿಸಿದ್ರೋ ಅವರಿಗೇ ‘ಅದು ಸುಳ್ಳಂತೆ, ಏನೂ ಅಳಿಸಬೇಡಿ, ಮುಂದೆ ಕಳಿಸಬೇಡಿ’ ಅಂತ ಒಂದು ಸಾಲು ಹಾಕಿ. ನಿಮಗೆ ಕಳಿಸಿದ ಹಿರಿಯರಿಗೆ ಗ್ರೂಪಿನಲ್ಲಿ ಎಲ್ಲರ ಎದುರು ಹೇಳೋದಕ್ಕಿಂತ, ‘ಅಣ್ಣಾ, ಇದು ಹಳೇ ಸುಳ್ಳು ಮೆಸೇಜ್ ಅಂತೆ’ ಅಂತ ಫೋನ್ ಮಾಡಿ ತಿಳಿಸಿ. ಅವರೇ ಗ್ರೂಪಿನಲ್ಲಿ ತಿದ್ದುತ್ತಾರೆ.

ತೋಳ ಬಂತು ತೋಳ ಅಂತ ಸುಮ್ಮಸುಮ್ಮನೆ ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ದಿನಾ ಸುಳ್ಳು ಎಚ್ಚರಿಕೆ ನೋಡಿ ಬೇಸತ್ತವರು, ನಾಳೆ ಬ್ಯಾಂಕಿನವರು ಕೊಡುವ ನಿಜವಾದ ಎಚ್ಚರಿಕೆಯನ್ನೂ ಓದದೇ ಬಿಡ್ತಾರೆ. ಸುಳ್ಳು ಎಚ್ಚರಿಕೆಯಿಂದ ಆಗೋ ದೊಡ್ಡ ನಷ್ಟ ಇದೇ. ಅದನ್ನ ತಡೆಯೋಕೆ ಆ್ಯಪ್, ಸಾಫ್ಟ್‌ವೇರ್ ಏನೂ ಬೇಡ. ಫಾರ್ವರ್ಡ್ ಒತ್ತೋ ಮೊದಲು ಎರಡು ನಿಮಿಷ ತಡೆದರೆ ಸಾಕು.