ಕೊನೆಯ ಭಾನುವಾರದ ಪ್ರಸಂಗ

ಸಭೆಯೊಂದನ್ನು ಬಿಟ್ಟು ಹೊರಡುವ ಕ್ರೈಸ್ತ ಬೋಧಕ ಅಲ್ಲಿಯ ಜನರಿಗೆ ಕಡೆಯದಾಗಿ ಆಡುವ ಮಾತೇ ವಿದಾಯ ಪ್ರಸಂಗ. ಇದರ ಮೂಲ ಮಾದರಿ ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 20ನೆಯ ಅಧ್ಯಾಯದಲ್ಲಿದೆ. ಜೆರುಸಲೇಮಿಗೆ ಹೊರಟ ಪೌಲನು ಮಿಲೇತದ ಬಂದರಿನಲ್ಲಿ ಇಳಿದು, ತಾನು ಮೂರು ವರ್ಷ ದುಡಿದ ಎಫೆಸದ ಸಭೆಯ ಹಿರಿಯರನ್ನು ಕರೆಸಿಕೊಳ್ಳುತ್ತಾನೆ. ಯಾರ ಬೆಳ್ಳಿಬಂಗಾರಕ್ಕೂ ಆಸೆಪಡದೆ ಕೈದುಡಿಮೆಯಿಂದಲೇ ಬದುಕಿದೆ ಎಂದು ಲೆಕ್ಕ ಒಪ್ಪಿಸುತ್ತಾನೆ. ಮುಂದೆ ಸಭೆಯೊಳಗೇ ಹುಟ್ಟಲಿರುವ ಒಡಕಿನ ಬಗ್ಗೆ ಎಚ್ಚರಿಸುತ್ತಾನೆ. ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸಿದ ಮೇಲೆ ಹಿರಿಯರು ಅವನನ್ನು ತಬ್ಬಿಕೊಂಡು ಅತ್ತು, ಹಡಗಿನ ತನಕ ಹೋಗಿ ಕಳಿಸಿಕೊಡುತ್ತಾರೆ. ಮುಂದಿನ ಕಾಲದ ಬೋಧಕರೂ ಹೆಚ್ಚುಕಡಿಮೆ ಇದೇ ಜಾಡು ಹಿಡಿದರು.

ಒಂದು ದೇಶದ ಉದ್ದಗಲಕ್ಕೂ ಏಕಕಾಲಕ್ಕೆ ವಿದಾಯ ಪ್ರಸಂಗಗಳು ನಡೆದದ್ದು ಇಂಗ್ಲೆಂಡಿನಲ್ಲಿ, 1662ರಲ್ಲಿ. ಎರಡನೆಯ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದ ಮೇಲೆ ಬಂದ ಏಕರೂಪತೆಯ ಕಾಯಿದೆ, ಸರ್ಕಾರಿ ಪ್ರಾರ್ಥನಾ ಪುಸ್ತಕದ ಪ್ರತಿಯೊಂದು ಮಾತನ್ನೂ ಒಪ್ಪಿಕೊಳ್ಳಬೇಕೆಂದು ಪಾದ್ರಿಗಳಿಗೆ ವಿಧಿಸಿತು. ಆಗಸ್ಟ್ 24, ಸಂತ ಬಾರ್ತೊಲೊಮಾಯನ ಹಬ್ಬದ ದಿನ, ಕಡೆಯ ಗಡುವು. ಒಪ್ಪದವರು ಚರ್ಚನ್ನೂ ಮನೆಯನ್ನೂ ಸಂಬಳವನ್ನೂ ಬಿಡಬೇಕು. 1660ರಿಂದ ಆ ಗಡುವಿನವರೆಗೆ ಹೀಗೆ ಹೊರಬಿದ್ದವರು ಸುಮಾರು 2,000 ಮಂದಿ. ಬೆಳೆಯ ಪಾಲು ಕೈಸೇರುವ ಸೆಪ್ಟೆಂಬರಿಗೆ ತುಸು ಮುಂಚೆಯೇ ಗಡುವು ಬಿದ್ದಿದ್ದರಿಂದ, ಅನೇಕರಿಗೆ ಆ ವರ್ಷದ ಆದಾಯವೂ ತಪ್ಪಿತು.

ಗಡುವಿಗೆ ಹಿಂದಿನ ಭಾನುವಾರ, ಆಗಸ್ಟ್ 17ರಂದು, ಲಂಡನ್ನಿನಲ್ಲಿ ನಡೆದದ್ದನ್ನು ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಅಧಿಕಾರಿ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ವಿಲಿಯಂ ಬೇಟ್ಸ್ ಎಂಬ ಬೋಧಕನ ಪ್ರಸಂಗ ಕೇಳಲು ಅವನು ಸೇಂಟ್ ಡನ್‌ಸ್ಟನ್ ಚರ್ಚಿಗೆ ಹೋದಾಗ ಇನ್ನೂ ಏಳು ಗಂಟೆ ಆಗಿರಲಿಲ್ಲ, ಬಾಗಿಲು ಹಾಕಿತ್ತು. ಹತ್ತಿರದ ತೋಟದಲ್ಲಿ ಒಂದು ಗಂಟೆ ಅಡ್ಡಾಡಿ ಬಂದು, ಹಿಂಬಾಗಿಲಿನಿಂದ ನುಗ್ಗಿದವರ ಜೊತೆ ತಾನೂ ನುಗ್ಗಿ, ಉಪ್ಪರಿಗೆಯಲ್ಲಿ ಪ್ರಸಂಗಪೀಠದ ಪಕ್ಕದಲ್ಲೇ ಜಾಗ ಹಿಡಿದ. ಮಧ್ಯಾಹ್ನದ ಪ್ರಸಂಗಕ್ಕೂ ಹೋಗಿ, ಜನಸಂದಣಿಯಲ್ಲಿ ಬೆವರು ಸುರಿಸುತ್ತ ನಿಂತು ಕೇಳಿದ. ಅಷ್ಟೊಂದು ಜನ ಕಾದದ್ದು ಬೇಟ್ಸ್ ಸರ್ಕಾರದ ಬಗ್ಗೆ ಏನಾದರೂ ಹೇಳಿಯಾನು ಎಂದು. ಅವನು ಬೆಳಿಗ್ಗೆಯೂ ಮಧ್ಯಾಹ್ನವೂ ಬೈಬಲಿನ ‘ಇಬ್ರಿಯರಿಗೆ ಬರೆದ ಪತ್ರಿಕೆ’ಯ ವಚನವನ್ನೇ ವಿವರಿಸಿದ. ಮುಗಿಸುವಾಗ ಮಾತ್ರ, ತಾನು ಒಪ್ಪದಿರುವುದು ಹಟದಿಂದಲ್ಲ, ಎಷ್ಟು ಪ್ರಾರ್ಥಿಸಿ ಓದಿ ಚರ್ಚಿಸಿದರೂ ಒಳಗಿನ ಸಂಶಯ ತೀರದ್ದರಿಂದ, ಎಂದು ಹೇಳಿ ಪೀಠದಿಂದ ಇಳಿದ. ಮನೆಮಠ ಕಳೆದುಕೊಳ್ಳಲಿದ್ದವನ ಬಾಯಲ್ಲಿ ಇಷ್ಟೇ ಬಂದದ್ದು ಕಡಿಮೆ ಸಂಗತಿಯಲ್ಲ. ಆಗಿನ ವಿದಾಯ ಪ್ರಸಂಗಗಳ ಸಂಕಲನಗಳು ಬೇಗನೆ ಅಚ್ಚಾದವು. ಬಾಯಿ ಮುಚ್ಚಿಸಲು ಹೊರಟ ಕಾಯಿದೆ, ಬೋಧಕರಿಗೆ ಚರ್ಚಿನ ಗೋಡೆಗಳಾಚೆಯ ಓದುಗರನ್ನು ದೊರಕಿಸಿಕೊಟ್ಟಿತು. 1665ರ ಇನ್ನೊಂದು ಕಾಯಿದೆ, ಸರ್ಕಾರ ಕೇಳಿದ ಪ್ರಮಾಣ ಮಾಡದ ಬೋಧಕರು ತಮ್ಮ ಹಳೆಯ ಸಭೆಯ ಐದು ಮೈಲಿ ಹತ್ತಿರ ಸುಳಿಯದಂತೆ ತಡೆಯಿತು.

ಸಭೆಯವರೇ ಬೋಧಕನನ್ನು ಹೊರಹಾಕಿದಾಗ ಮಾತು ಇನ್ನೂ ಕಷ್ಟ. ಅಮೆರಿಕದ ನಾರ್ಥಾಂಪ್ಟನ್ನಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಬೋಧಿಸಿದ್ದ ಜೊನಾಥನ್ ಎಡ್ವರ್ಡ್ಸ್, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ವಿಧಿಗೆ ಯಾರು ಅರ್ಹರು ಎಂಬ ವಿವಾದದಲ್ಲಿ 1750ರ ಜೂನ್ 22ರಂದು ವಜಾಗೊಂಡ. ಜುಲೈ 1ರ ವಿದಾಯ ಪ್ರಸಂಗದಲ್ಲಿ ಅವನು ಜಗಳವನ್ನು ಕೆದಕಲಿಲ್ಲ. ಬೋಧಕನೂ ಸಭೆಯವರೂ ಅಂತಿಮ ತೀರ್ಪಿನ ದಿನ ದೇವರ ಮುಂದೆ ಮತ್ತೆ ಎದುರಾಗುತ್ತಾರೆ ಎಂಬುದನ್ನೇ ಬಿಡಿಸಿ ಹೇಳಿದ. ಸೌಮ್ಯವಾಗಿ ಕಂಡರೂ ಇದು ನಾಟುವ ಮಾತೇ. ತಮಾಷೆಯೆಂದರೆ, ಬದಲಿ ಬೋಧಕ ಸಿಗದೆ, ಹೊರಹಾಕಿದವರೇ ಅವನನ್ನು ಮತ್ತೆ ಕೆಲವು ಭಾನುವಾರ ಪೀಠ ಹತ್ತಿಸಬೇಕಾಯಿತು. 1751ರಲ್ಲಿ ಅವನು ಸ್ಟಾಕ್‌ಬ್ರಿಜ್‌ಗೆ ಹೋದ.

ಎಲ್ಲ ವಿದಾಯಕ್ಕೂ ಕಲಹವೇ ಕಾರಣವಲ್ಲ. ಜಾನ್ ವೆಸ್ಲಿ ಕಟ್ಟಿದ ಮೆಥಡಿಸ್ಟ್ ಪದ್ಧತಿಯಲ್ಲಿ ಬೋಧಕರು ಒಂದೇ ಊರಿನಲ್ಲಿ ಬೇರು ಬಿಡಬಾರದೆಂದು ಅವರನ್ನು ಆಗಾಗ ಬದಲಿಸುತ್ತಿದ್ದರು. ಕರ್ನಾಟಕದ ಮೆಥಡಿಸ್ಟ್ ಮತ್ತು ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಸಭೆಗಳಲ್ಲೂ ಸಭಾಪಾಲಕರಿಗೆ ವರ್ಗಾವಣೆ ಉಂಟು. ಅಲ್ಲಿ ಬೀಳ್ಕೊಡುಗೆ ಎಂದರೆ ಆರಾಧನೆ, ಶಾಲು ಹಾರ, ಸಭೆಯ ಹಿರಿಯರ ನಾಲ್ಕು ಮಾತು. ಹೊರಡುವವರು ಎಲ್ಲರಿಗೂ ವಂದನೆ ಹೇಳಿ, ಮುಂದೆ ಬರುವವರಿಗೂ ಇದೇ ಸಹಕಾರ ಕೊಡಿ ಎಂದು ಕೇಳಿಕೊಳ್ಳುತ್ತಾರೆ.