ಬಾಣದ ಅಲಗು: ಅಗಲವಿರಬೇಕೆ, ಕಿರಿದಿರಬೇಕೆ?

ಶಿಕಾರಿಪುರವೆಂಬ ಹೆಸರಿನಲ್ಲಿಯೇ ಬೇಟೆಯಿದೆ. ಹಿಂದೆ ಮಹಾದಾನಪುರವೆನಿಸಿದ್ದ ಈ ಊರಿನ ಸುತ್ತ ಬೇಟೆಯ ಮೃಗಗಳು ಹೇರಳವಾಗಿದ್ದುದರಿಂದ, ಹೈದರ್ ಅಲಿಯ ಅಥವಾ ಟಿಪ್ಪುವಿನ ಕಾಲದಲ್ಲಿ ಈ ಹೆಸರು ಬಂದಿತೆಂದು ಹಳೆಯ ಮೈಸೂರು ಗೆಜೆಟಿಯರು ಹೇಳುತ್ತದೆ. ಇಲ್ಲಿಯೂ ನೆರೆಯ ಸೊರಬದಲ್ಲಿಯೂ ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ ವೀರಗಲ್ಲುಗಳನ್ನು ಕಾಣಬಹುದು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ 7ನೆಯ (1902) ಮತ್ತು 8ನೆಯ (1904) ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಪ್ರಕಟಿಸಿದರು, ಅವುಗಳಲ್ಲಿ ವೀರಗಲ್ಲುಗಳ ಪಾಲು ದೊಡ್ಡದು. ತುರುಗಳನ್ನು ಬಿಡಿಸಲು ಹೋಗಿ ಮಡಿದವನ ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲಾಳುಗಳನ್ನು ಕೆತ್ತುವುದು ವಾಡಿಕೆ. ಬಿಲ್ಲಿನ ಬಾಗು, ಕಿವಿಯವರೆಗೆ ಸೆಳೆದ ಹೆದೆ ಇವೆಲ್ಲ ಅಲ್ಲಿ ತೋರುತ್ತವೆ. ಆದರೆ ಬಾಣದ ತುದಿಯಲ್ಲಿದ್ದ ಲೋಹದ ತುಣುಕು ಎಂತಹುದು, ಅದನ್ನು ಯಾವ ಲೆಕ್ಕದಿಂದ ಆರಿಸಿದರು ಎಂಬುದನ್ನು ಕಲ್ಲು ತಿಳಿಸಲಾರದು.

ಹಿಂದಿನವರು ಆ ತುಣುಕಿಗೆ ಎಷ್ಟು ಬೆಲೆ ಕೊಡುತ್ತಿದ್ದರೆಂಬುದನ್ನು ಗ್ರಂಥಗಳಿಂದ ತಿಳಿಯಬಹುದು. ಬಳ್ಳಿಗಾವೆ ಬನವಾಸಿ ನಾಡಿನ ರಾಜಧಾನಿಯಾಗಿದ್ದ ಕಾಲದಲ್ಲಿ ಆಳಿದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನು ಕುರಿತೇ ಒಂದು ಭಾಗವಿದೆ. ಧನುರ್ವೇದದ ಸಂಪ್ರದಾಯವಂತೂ ಬಾಣದ ಮೊನೆಗಳನ್ನು ಕೆಲಸಕ್ಕೆ ತಕ್ಕಂತೆ ವಿಂಗಡಿಸುತ್ತದೆ: ಕವಚವನ್ನು ಚುಚ್ಚಲು ಸೂಚೀಮುಖ, ಕತ್ತರಿಸಲು ಅರ್ಧಚಂದ್ರ, ಎದೆಯನ್ನು ಭೇದಿಸಲು ಭಲ್ಲ. ಚುಚ್ಚುವುದೇ ಬೇರೆ, ಕತ್ತರಿಸುವುದೇ ಬೇರೆ ಎಂಬ ತಿಳಿವು ಈ ಹೆಸರುಗಳಲ್ಲಿ ಅಡಗಿದೆ. ಇಂದಿಗೂ ಬಿಲ್ಲು ಹಿಡಿದು ಬೇಟೆಯಾಡಲು ಅನುಮತಿಯಿರುವ ಅಮೆರಿಕದಂತಹ ದೇಶಗಳಲ್ಲಿ ಬೇಟೆಗಾರನ ಮುಂದಿರುವ ಪ್ರಶ್ನೆ ಇದೇ. ಅಲ್ಲಿ ‘ಬ್ರಾಡ್‌ಹೆಡ್’ ಎಂದು ಕರೆಯುವ ಅಗಲವಾದ ಹರಿತ ಮೊನೆಯನ್ನು ನಾವು ಅಲಗು ಎನ್ನೋಣ. ಅಲಗನ್ನು ಆರಿಸುವುದರ ಹಿಂದೆ ಸೊಗಸಾದ ಭೌತವಿಜ್ಞಾನವಿದೆ.

ಮೊದಲು ಬಿಲ್ಲನ್ನು ನೋಡೋಣ. ಸಾಮಾನ್ಯ ಬಿಲ್ಲನ್ನು ಸೆಳೆದಷ್ಟೂ ಬಲ ಹೆಚ್ಚು ಬೇಕಾಗುತ್ತದೆ. ಪೂರ್ತಿ ಸೆಳೆದಾಗ ತೋಳು ನಡುಗತೊಡಗುತ್ತದೆ. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಎಂಬುವರು ಬಿಲ್ಲಿನ ಎರಡು ತುದಿಗಳಿಗೂ ಅಚ್ಚು ನಡುವಿನಲ್ಲಿರದ ರಾಟೆಗಳನ್ನು ಜೋಡಿಸಿ, 1969ರಲ್ಲಿ ಅದಕ್ಕೆ ಪೇಟೆಂಟು ಪಡೆದರು. ಇದೇ ಕಾಂಪೌಂಡ್ ಬಿಲ್ಲು. ರಾಟೆ ತಿರುಗಿದಂತೆ ಸನ್ನೆಯ ಅನುಪಾತ ಬದಲಾಗುವುದರಿಂದ, ನಡುವೆ 27 ಕಿಲೋಗ್ರಾಂ ಭಾರದಷ್ಟು ಬಲ ಬೇಡಿದ ಬಿಲ್ಲು ಪೂರ್ತಿ ಸೆಳೆದಾಗ ಐದಾರು ಕಿಲೋಗ್ರಾಮಿಗೆ ಇಳಿಯಬಲ್ಲದು. ಬಿಲ್ಲುಗಾರ ನಿಧಾನವಾಗಿ ಗುರಿಯಿಡಬಹುದು. ಬಾಣವೂ ಹೆಚ್ಚು ವೇಗದಿಂದ ಹೊರಡುತ್ತದೆ. ಈ ವೇಗವೇ ಅಲಗಿಗೆ ಹೊಸ ತೊಡಕನ್ನು ತಂದಿತು.

ತೊಡಕನ್ನು ತಿಳಿಯಲು ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಬಹುದು. ತೆಂಗಿನ ಗರಿಯ ಒಂದು ಒಣಗಿದ ಕಡ್ಡಿಯ ಮುಂದಿನ ತುದಿಗೆ ಚೂರು ಜೇಡಿಮಣ್ಣನ್ನು ಮೆತ್ತಿ, ಹಿಂದಿನ ತುದಿಗೆ ಕಾಗದದ ಗರಿಯನ್ನು ಅಂಟಿಸಿ ಎಸೆಯಿರಿ. ಕಡ್ಡಿ ನೆಟ್ಟಗೆ ಹೋಗುತ್ತದೆ. ಈಗ ಮುಂದಿನ ತುದಿಗೂ ಹಿಂದಿನದಕ್ಕಿಂತ ದೊಡ್ಡದಾದ ಕಾಗದದ ಗರಿಯನ್ನು ಅಂಟಿಸಿ ಎಸೆಯಿರಿ. ಕಡ್ಡಿ ಅಡ್ಡ ತಿರುಗಿ ದಾರಿ ತಪ್ಪುತ್ತದೆ. ಕಾರಣವಿಷ್ಟೆ: ಕಡ್ಡಿ ಸ್ವಲ್ಪ ಓರೆಯಾದ ಕೂಡಲೇ ಗಾಳಿ ಗರಿಗಳ ಮೇಲೆ ಪಕ್ಕದಿಂದ ಒತ್ತುತ್ತದೆ. ಆ ಒತ್ತಡದ ಕೇಂದ್ರವು ಗುರುತ್ವಕೇಂದ್ರದ ಹಿಂದೆ ಇದ್ದರೆ ಓರೆ ತಿದ್ದಿಕೊಳ್ಳುತ್ತದೆ. ಮುಂದೆ ಬಂದರೆ ಓರೆ ಇನ್ನಷ್ಟು ಹೆಚ್ಚುತ್ತದೆ.

ಅಲಗು ಎಂದರೆ ಬಾಣದ ಮುಂದುಗಡೆ ಅಂಟಿಸಿದ ಉಕ್ಕಿನ ಗರಿಯೇ ಸರಿ. ಹಿಂದಿನ ಗರಿ ಬಾಣವನ್ನು ನೆಟ್ಟಗಿಡಲು ಹೆಣಗಿದರೆ ಅಲಗು ಅದನ್ನು ತನ್ನ ಕಡೆಗೆ ತಿರುಗಿಸಲು ನೋಡುತ್ತದೆ. ಗಾಳಿಯ ಈ ಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸೆಕೆಂಡಿಗೆ 60 ಮೀಟರ್ ಹೋಗುತ್ತಿದ್ದ ಬಾಣ 80 ಮೀಟರ್ ಹೋಗುವಂತಾದರೆ ಬಲ ಸುಮಾರು ಒಂದೂಮುಕ್ಕಾಲು ಪಟ್ಟಾಗುತ್ತದೆ. ಅಲಗು ಕೂದಲೆಳೆಯಷ್ಟು ಓರೆಯಾಗಿ ಕೂತಿದ್ದರೂ ಅದರ ಫಲ ಗುರಿಯಲ್ಲಿ ಕಾಣುತ್ತದೆ.

ಹಾಗಾದರೆ ಅಗಲವಾದ ಅಲಗು ಏಕೆ ಬೇಕು? ಒಂದು ಲೆಕ್ಕ ಮಾಡೋಣ. 26 ಗ್ರಾಂ ತೂಕದ ಬಾಣ ಸೆಕೆಂಡಿಗೆ 80 ಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 83 ಜೂಲ್. 2.6 ಗ್ರಾಂ ತೂಕದ ಸಣ್ಣ ರೈಫಲ್ ಗುಂಡು ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ 142 ಜೂಲ್. ದೊಡ್ಡ ಮೃಗಕ್ಕೆ ಈ ಗುಂಡೇ ಸಾಲದೆನ್ನುವಾಗ ಬಾಣದ ಪಾಡೇನು? ಬಾಣವು ಆಘಾತದಿಂದ ಕೊಲ್ಲುವುದಿಲ್ಲ. ರಕ್ತನಾಳಗಳನ್ನೂ ಶ್ವಾಸಕೋಶವನ್ನೂ ಕತ್ತರಿಸಿ, ರಕ್ತ ಹರಿಸಿ ಕೊಲ್ಲುತ್ತದೆ. ಆದುದರಿಂದ ಕತ್ತರಿಸಿದ ಗಾಯದ ಉದ್ದವೂ ಆಳವೂ ಮುಖ್ಯ. ಎರಡೂವರೆ ಸೆಂಟಿಮೀಟರ್ ಅಗಲದ ಎರಡು ಬಾಯಿಯ ಅಲಗು ಅಷ್ಟೇ ಉದ್ದದ ಸೀಳನ್ನು ಮಾಡುತ್ತದೆ. ನಡುವಿನಿಂದ ಅಷ್ಟೇ ದೂರ ಚಾಚಿದ ಮೂರು ಬಾಯಿಯ ಅಲಗು ಒಟ್ಟು ಮೂರು ಮುಕ್ಕಾಲು ಸೆಂಟಿಮೀಟರ್ ಸೀಳುತ್ತದೆ. ಆದರೆ ಹೆಚ್ಚು ಸೀಳಿದರೆ ಹೆಚ್ಚು ತಡೆ. ಬಾಣ ಅಷ್ಟು ಆಳಕ್ಕೆ ಹೋಗದು. ಮೂಳೆ ಅಡ್ಡ ಬಂದರೆ ಉದ್ದವಾದ, ಕಿರಿದಾದ ಎರಡು ಬಾಯಿಯ ಅಲಗೇ ಒಳ್ಳೆಯ ಬೆಣೆಯಂತೆ ನುಗ್ಗುತ್ತದೆ.

ಈ ಇಕ್ಕಟ್ಟಿಗೆ ಉತ್ತರವಾಗಿ ಮಡಿಸುವ ಅಲಗು ಬಂದಿತು. ಹಾರುವಾಗ ಅದರ ಬಾಯಿಗಳು ಮುಚ್ಚಿರುತ್ತವೆ; ಆದ್ದರಿಂದ ಅಭ್ಯಾಸದ ಮೊನೆಯಂತೆಯೇ ನೆಟ್ಟಗೆ ಹೋಗುತ್ತದೆ. ತಗುಲಿದ ಕೂಡಲೇ ಬಾಯಿ ತೆರೆಯುತ್ತದೆ. ಆದರೆ ತೆರೆಯಲೂ ಶಕ್ತಿ ವ್ಯಯವಾಗಬೇಕು, ಓರೆಯಾಗಿ ಬಡಿದರೆ ಸರಿಯಾಗಿ ತೆರೆಯದಿರುವ ಭಯವೂ ಉಂಟು. ಬಲವಾದ ಬಿಲ್ಲಿಗೆ ಇದು ಹೊಂದೀತು. ಮೆಲುವಾದ ಬಿಲ್ಲಿಗೆ ಕದಲದ ಬಾಯಿಯ ಅಲಗೇ ಲೇಸು.

ತೂಕದ ಮಾತೂ ಹೀಗೆಯೇ. ಅದೇ 83 ಜೂಲ್ ಶಕ್ತಿಯನ್ನು 39 ಗ್ರಾಂ ಬಾಣಕ್ಕೆ ಕೊಟ್ಟರೆ ವೇಗ 65 ಮೀಟರಿಗೆ ಇಳಿಯುತ್ತದೆ, ಆದರೆ ಸಂವೇಗ ಸುಮಾರು ಕಾಲುಪಾಲು ಏರುತ್ತದೆ. ತಡೆಯು ವೇಗದೊಡನೆ ಹೆಚ್ಚುವೆಡೆಯಲ್ಲಿ ಭಾರವಾದ ಬಾಣವೇ ಆಳಕ್ಕೆ ಇಳಿಯುತ್ತದೆ. ಪ್ರತಿಯಾಗಿ, 20 ಮೀಟರ್ ದೂರದಲ್ಲಿ ಹಗುರ ಬಾಣ 31 ಸೆಂಟಿಮೀಟರ್ ಕೆಳಗಿಳಿದರೆ ಭಾರವಾದದ್ದು 46 ಸೆಂಟಿಮೀಟರ್ ಇಳಿಯುತ್ತದೆ. ದೂರದ ಅಂದಾಜು ತಪ್ಪಿದರೆ ಗುರಿಯೂ ತಪ್ಪುತ್ತದೆ.

ಹೀಗಾಗಿ ಎಲ್ಲರಿಗೂ ಒಪ್ಪುವ ಒಂದೇ ಅಲಗಿಲ್ಲ. ಬಲ್ಲ ಬಿಲ್ಲುಗಾರನು ತನ್ನ ಬಿಲ್ಲಿನ ಬಲ ಮತ್ತು ಮೃಗದ ಗಾತ್ರಗಳನ್ನು ನೋಡಿ ಅಲಗಿನ ಬಗೆಯನ್ನು ನಿಶ್ಚಯಿಸುತ್ತಾನೆ. ಅಭ್ಯಾಸದ ಮೊನೆಯಷ್ಟೇ ತೂಕದ ಅಲಗನ್ನು, ಬಹುಮಟ್ಟಿಗೆ ಆರೂವರೆ ಗ್ರಾಮಿನದನ್ನು, ಆರಿಸುತ್ತಾನೆ. ಬಾಣವನ್ನು ಮೊನೆಯ ಮೇಲೆ ಬುಗುರಿಯಂತೆ ತಿರುಗಿಸಿ ಅಲಗು ತೊನೆಯುತ್ತದೆಯೇ ಎಂದು ಪರೀಕ್ಷಿಸುತ್ತಾನೆ. ಮೊನೆಯೂ ಅಲಗೂ ಒಂದೇ ಕಡೆ ತಗುಲುವವರೆಗೆ ಬಿಲ್ಲನ್ನು ಸರಿಪಡಿಸುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಬಾಯಿ ಹರಿತವಾಗಿರಬೇಕು. ಮೊಂಡು ಅಲಗು ನಾಳವನ್ನು ಕತ್ತರಿಸುವ ಬದಲು ಪಕ್ಕಕ್ಕೆ ತಳ್ಳಿಬಿಡಬಹುದು. ಮೃಗ ಗಾಯದೊಡನೆ ಓಡಿ, ಕಾಣದ ಪೊದೆಯಲ್ಲಿ ನರಳಿ ಸಾಯುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಒಂದು ಮಿತಿ ಉಳಿಯುತ್ತದೆ. 20 ಮೀಟರ್ ದೂರಕ್ಕೆ ಬಾಣ ತಲುಪಲು ಕಾಲು ಸೆಕೆಂಡು ಬೇಕು; ಹೆದೆಯ ಸದ್ದಿಗೆ ಸೆಕೆಂಡಿನ ನೂರರಲ್ಲಿ ಆರು ಪಾಲು ಸಾಕು. ಸದ್ದು ಕೇಳಿದ ಮೇಲೂ ಜಿಂಕೆಗೆ ಸುಮಾರು 0.19 ಸೆಕೆಂಡು ಮಿಗುತ್ತದೆ. ಜಿಗಿಯಲು ಕಾಲು ಮಡಿಸುವುದಕ್ಕೆ, ಮೈ ತಗ್ಗುವುದಕ್ಕೆ ಅಷ್ಟು ಸಾಕು. ಬಾಣ ಇಟ್ಟ ಗುರಿಯಲ್ಲಿ ನಾಟದು. ದೂರ ಹೆಚ್ಚಿದಂತೆ ಈ ಅವಧಿಯೂ ಹೆಚ್ಚುತ್ತದೆ. ಯಾವ ಅಲಗೂ ಇದನ್ನು ತಿದ್ದಲಾರದು. ಹತ್ತಿರ ಬರುವವರೆಗೆ ಬಾಣ ಬಿಡದಿರುವ ಸಂಯಮವೊಂದೇ ಇದಕ್ಕೆ ಉಪಾಯ.

ನಮ್ಮ ನಾಡಿನಲ್ಲಿ ಆ ಸಂಯಮವನ್ನು ಕಾನೂನೇ ವಿಧಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 9ನೆಯ ಪ್ರಕರಣವು ಬೇಟೆಯನ್ನು ನಿಷೇಧಿಸುತ್ತದೆ. ಕೊಲ್ಲುವುದಷ್ಟೇ ಅಲ್ಲ, ಬಲೆಯೊಡ್ಡುವುದು, ಉರುಳು ಹಾಕುವುದು, ವಿಷವಿಡುವುದು, ಇವುಗಳ ಪ್ರಯತ್ನವೂ ಅಪರಾಧ. ಶಿಕಾರಿಪುರದ ಹೆಸರಿನಲ್ಲಿ ಶಿಕಾರಿ ಉಳಿದಿದೆ; ಅದರ ಕಾಡಿನಲ್ಲಿ ಶಿಕಾರಿಗೆ ಎಡೆಯಿಲ್ಲ. ಕಾಂಪೌಂಡ್ ಬಿಲ್ಲಿಗೆ ಇಲ್ಲಿ ತಕ್ಕ ಎಡೆ ಕ್ರೀಡಾಂಗಣ. 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಜ್ಯೋತಿ ಸುರೇಖಾ ವೆನ್ನಂ ಅವರು ಈ ಬಿಲ್ಲಿನಿಂದಲೇ ಮೂರು ಚಿನ್ನದ ಪದಕಗಳನ್ನು ಗೆದ್ದರು. ಆ ಬಾಣಗಳ ತುದಿಯಲ್ಲಿ ಅಲಗಿರಲಿಲ್ಲ, ಗುಂಡಗಿನ ಸಣ್ಣ ಮೊನೆಯಿತ್ತು. ಕತ್ತರಿಸುವ ಕೆಲಸವಿಲ್ಲದ ಬಾಣಕ್ಕೆ ಮುಂದುಗಡೆ ಗರಿಯ ಹಂಗಿಲ್ಲ. ನೆಟ್ಟಗೆ ಹಾರುವುದೊಂದೇ ಅದರ ಕೆಲಸ.

ಇನ್ನೊಮ್ಮೆ ಸೊರಬದ ಕಡೆ ಹೋದಾಗ ವೀರಗಲ್ಲೊಂದರ ಬಳಿ ನಿಂತು ಕೆಳಗಿನ ಪಟ್ಟಿಕೆಯನ್ನು ನೋಡಿರಿ. ಅಲ್ಲಿ ಬಿಲ್ಲೆತ್ತಿದವನ ಹಿಂದೆ ಹೆಸರಿಲ್ಲದ ಒಬ್ಬ ಕಮ್ಮಾರನೂ ನಿಂತಿದ್ದಾನೆಂದು ಭಾವಿಸಿರಿ. ಸಮೀಕರಣಗಳ ನೆರವಿಲ್ಲದೆ, ಸುತ್ತಿಗೆ ಮತ್ತು ಅರದ ಬಲದಿಂದಲೇ ಅವನು ಈ ಲೆಕ್ಕವನ್ನೆಲ್ಲ ಮಾಡುತ್ತಿದ್ದನು.