ಕ್ಯಾರವಾನ್‌ಗೆ ಯಾವ ಹೆದ್ದಾರಿ: ನಂಬಿಕೆಯೇನು, ವಾಸ್ತವವೇನು

ಮೋಟರ್‌ಹೋಮ್ ಅಥವಾ ಕ್ಯಾರವಾನ್ ದೊಡ್ಡ ಗಾಡಿ, ಅದಕ್ಕೆ ರಸ್ತೆ ಅಗಲವಾದಷ್ಟೂ ಒಳ್ಳೆಯದು ಎಂಬುದು ಸಾಮಾನ್ಯ ನಂಬಿಕೆ. ರಾಮನಗರ, ಚನ್ನಪಟ್ಟಣ ನೋಡಲು ಹೊರಟವರೂ ಇದೇ ಲೆಕ್ಕದಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತುತ್ತಾರೆ. ಮೈಸೂರು ಮುಟ್ಟುವುದಷ್ಟೇ ಗುರಿಯಾದರೆ ಆಯ್ಕೆ ಸರಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ನಡುವೆ ಆರು ಪಥಗಳಿವೆ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆಗಳಿವೆ. ಆದರೆ ಮುಖ್ಯ ಪಥ ಎರಡೂ ಊರುಗಳನ್ನು ಬೈಪಾಸ್‌ನಲ್ಲಿ ಬಳಸಿಕೊಂಡು ಹೋಗುತ್ತದೆ. ಇಳಿಯುವ ಜಾಗಗಳು ಕೆಲವೇ. ಒಂದನ್ನು ತಪ್ಪಿಸಿಕೊಂಡರೆ ಮುಂದಿನದು ಸಿಗುವವರೆಗೂ ಓಡಿಸಲೇಬೇಕು. ಜಾನಪದ ಲೋಕವಾಗಲಿ, ಬೊಂಬೆ ಅಂಗಡಿಗಳ ಸಾಲಾಗಲಿ ಇರುವುದು ಹಳೆಯ ಮೈಸೂರು ರಸ್ತೆಯಲ್ಲಿ.

ಹಳೆಯ ರಸ್ತೆಗೂ ಅದರದೇ ತೊಡಕುಗಳಿವೆ. ಕ್ಯಾರವಾನಿನ ಹಿಂಭಾಗ ಹಿಂಚಕ್ರದಿಂದಾಚೆಗೆ ಉದ್ದಕ್ಕೆ ಚಾಚಿರುತ್ತದೆ, ಕೊಳಕು ನೀರಿನ ಟ್ಯಾಂಕಿನ ಕೊಳವೆ ಎಷ್ಟೋ ಗಾಡಿಗಳಲ್ಲಿ ಅದರ ಕೆಳಗೇ ಇರುತ್ತದೆ. ಪೇಟೆಯ ಎತ್ತರದ ಹಂಪು ದಾಟುವಾಗ ಮುಂಚಕ್ರ ಸಲೀಸಾಗಿ ಇಳಿದರೂ ಆ ಕೊಳವೆ ಡಾಂಬರಿಗೆ ಉಜ್ಜುತ್ತದೆ. ನಿಧಾನವಾಗಿ ಹೋಗುವುದು ಬಿಟ್ಟರೆ ಇದಕ್ಕೆ ಬೇರೆ ಉಪಾಯವಿಲ್ಲ.

ಗಾಡಿಯೇ ಮನೆಯಾದ ಮೇಲೆ ಎಕ್ಸ್‌ಪ್ರೆಸ್‌ವೇ ಅಂಚಿನಲ್ಲೇ ನಿಲ್ಲಿಸಿ ಮಲಗಬಹುದು ಎನ್ನುವುದು ಇನ್ನೊಂದು ತಪ್ಪು, ಅಪಾಯದ ತಪ್ಪು ಕೂಡ. ಆ ಅಂಚು ಕೆಟ್ಟು ನಿಂತ ವಾಹನಕ್ಕೆ ಮೀಸಲು. ಹೊಸ ರಸ್ತೆಯಾದ್ದರಿಂದ ಮಳೆಗೆ ಚಿಂತೆಯಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ: ಉದ್ಘಾಟನೆಗೂ ಮೊದಲೇ, 2022ರ ಆಗಸ್ಟ್ ಕೊನೆಯಲ್ಲಿ, ರಾಮನಗರದ ಬಳಿ ಇದೇ ಹೆದ್ದಾರಿಯಲ್ಲಿ ಕಾರು, ಬಸ್ಸುಗಳು ನೀರಿನಲ್ಲಿ ಸಿಲುಕಿದ್ದವು.

ಮೊಬೈಲ್ ಮ್ಯಾಪ್ ತೋರಿಸಿದ ದಾರಿ ಎಲ್ಲ ಗಾಡಿಗೂ ಆಗುತ್ತದೆ ಎಂದುಕೊಳ್ಳುವವರೂ ಬಹಳ. ಮ್ಯಾಪ್ ಕೊಡುವುದು ಕಾರಿನ ದಾರಿ. ಗಾಡಿಯ ಎತ್ತರವನ್ನು ಅದು ಕೇಳುವುದೇ ಇಲ್ಲ. ರೈಲು ಹಳಿಯ ಕೆಳಗೆ ನುಸುಳುವ ಸಣ್ಣ ಸೇತುವೆಗಳ ಮುಂದೆ ಎತ್ತರದ ಮಿತಿ ತೋರಿಸುವ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ. ಮೇಲ್ಛಾವಣಿಯ ಎ.ಸಿ. ಸೇರಿಸಿ ಗಾಡಿಯ ಎತ್ತರ ಅಳೆದು, ಆ ಅಂಕಿಯನ್ನು ಚಾಲಕನ ಕಣ್ಣೆದುರು ಅಂಟಿಸಿಡುವುದು ಜಾಣತನ.

ರಾಜ್ಯ ಹೆದ್ದಾರಿ ಎಂದರೆ ಇಕ್ಕಟ್ಟು ಎಂಬುದೂ ಪೂರ್ತಿ ನಿಜವಲ್ಲ. ಕನಕಪುರ–ರಾಮನಗರ–ಮಾಗಡಿ ರಸ್ತೆಯಲ್ಲಿ ಕ್ಯಾರವಾನ್ ತಾಪತ್ರಯವಿಲ್ಲದೆ ಸಾಗುತ್ತದೆ. ಕಷ್ಟವಿರುವುದು ಹೆದ್ದಾರಿ ಬಿಟ್ಟು ಸಾವನದುರ್ಗ, ಮಂಚನಬೆಲೆಗಳತ್ತ ತಿರುಗಿದ ಮೇಲೆ. ಹಳ್ಳಿಯ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದರೆ ಯಾರಾದರೊಬ್ಬರು ಹಿಂದಕ್ಕೆ ತೆಗೆಯಬೇಕು.

ಕನಕಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 948 ಕೊಯಮತ್ತೂರಿಗೆ ನೇರ ದಾರಿ ಎನ್ನುತ್ತಾರೆ. ನಕ್ಷೆಯಲ್ಲಿ ನೇರವೇ ಹೌದು. ಆದರೆ ಚಾಮರಾಜನಗರ ದಾಟಿದ ಮೇಲೆ ಸಿಗುವ ದಿಂಬಂ ಘಾಟಿಯಲ್ಲಿ 27 ಕಡಿದಾದ ತಿರುವುಗಳಿವೆ; ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಈ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಉದ್ದನೆಯ ಗಾಡಿಗೆ ಹೊಸೂರು–ಸೇಲಂ ಮಾರ್ಗವೇ ಮೇಲು. ಕನಕಪುರ ತಾಲ್ಲೂಕಿನ ಕಾಡಂಚಿನಲ್ಲೂ ರಾತ್ರಿ ಆನೆ ರಸ್ತೆ ದಾಟುತ್ತದೆ, ಹಾಗಾಗಿ ಸಂಗಮ, ಮೇಕೆದಾಟು ನೋಡಿದವರು ಹಗಲಿರುವಾಗಲೇ ವಾಪಸಾಗಬೇಕು. ಚನ್ನಪಟ್ಟಣದಿಂದ ಮೈಸೂರಿನ ಮೇಲೆ ಊಟಿಗೋ ವಯನಾಡಿಗೋ ಹೋಗುವವರು ಮಧ್ಯಾಹ್ನದ ಊಟ ಮುಗಿಸಿ ಹೊರಟುಬಿಡುವುದು ಕ್ಷೇಮ: ಬಂಡೀಪುರದ ರಸ್ತೆಗಳು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತವೆ.